ಗುಂಪು ಸವಾರಿಗೆ ದಾರಿ ಗೊತ್ತುಮಾಡುವ ಬಗೆ

ಪ್ರಶ್ನೆ: ನಮ್ಮ ಸೈಕಲ್ ಕ್ಲಬ್ಬಿನ ವಾರಾಂತ್ಯದ ಸವಾರಿಗಳಿಗೆ ದಾರಿ ಗೊತ್ತುಮಾಡುವ ಹೊಣೆ ನನ್ನ ಪಾಲಿಗೆ ಬಂದಿದೆ. ಒಟ್ಟು 60 ಕಿ.ಮೀ. ಎಂದು ಮೊದಲೇ ತಿಳಿಸಿದ್ದರೂ ಕೆಲವರು ಬೇಗ ಮುಗಿಸಿ ಕಾಯುತ್ತಾರೆ, ಕೆಲವರು ಬಳಲಿ ಬಹಳ ಹಿಂದುಳಿಯುತ್ತಾರೆ. ದಾರಿ ಆರಿಸುವಾಗ ಏನನ್ನು ಗಮನಿಸಬೇಕು?

ಉತ್ತರ: ದೂರವೊಂದನ್ನೇ ತಿಳಿಸಿದರೆ ಸವಾರಿಯ ಕಷ್ಟ ಯಾರಿಗೂ ಅಂದಾಜಾಗುವುದಿಲ್ಲ. ಒಟ್ಟು ಎಷ್ಟು ಮೀಟರ್ ಏರಬೇಕು, ಅತಿ ಕಡಿದಾದ ಏರು ಎಷ್ಟನೆಯ ಕಿಲೋಮೀಟರಿನಲ್ಲಿದೆ ಎಂಬುದನ್ನೂ ಸೇರಿಸಿ ತಿಳಿಸಿರಿ. 2 ಕಿ.ಮೀ. ದೂರದಲ್ಲಿ 100 ಮೀಟರ್ ಏರಿದರೆ ಇಳಿಜಾರು ಶೇ. 5 ಆಗುತ್ತದೆ, ಗುಂಪು ಚದುರಲು ಅಷ್ಟೇ ಸಾಕು. ಸಮತಟ್ಟಾದ ರಸ್ತೆಯಲ್ಲಿ ಸವಾರನ ಶ್ರಮದಲ್ಲಿ ಹೆಚ್ಚಿನ ಪಾಲು ಗಾಳಿಯನ್ನು ಸೀಳುವುದಕ್ಕೆ ಹೋಗುವುದರಿಂದ, ಮುಂದಿನವರ ಮರೆಯಲ್ಲಿ ಸಾಗುವ ದುರ್ಬಲ ಸವಾರನೂ ಗುಂಪಿನೊಡನೆ ಉಳಿಯಬಲ್ಲನು. ಏರಿನಲ್ಲಿ ವೇಗ ಕುಗ್ಗಿ ಆ ಮರೆಯ ಲಾಭ ಬಹುಮಟ್ಟಿಗೆ ಇಲ್ಲವಾಗುತ್ತದೆ, ಪ್ರತಿಯೊಬ್ಬನೂ ತನ್ನ ಭಾರವನ್ನು ತಾನೇ ಮೇಲೆತ್ತಬೇಕಾಗುತ್ತದೆ. ಆದ್ದರಿಂದ ಎಲ್ಲರೂ ಮತ್ತೆ ಕೂಡುವ ತಾಣವನ್ನು ಏರು ಮುಗಿದ ಬಳಿಕ, ರಸ್ತೆಯಿಂದ ಪೂರ್ತಿ ಪಕ್ಕಕ್ಕೆ ಸರಿದು ನಿಲ್ಲಲು ಜಾಗವಿರುವಲ್ಲಿಯೇ ಗುರುತಿಸಿರಿ. ಕೊನೆಯವರು ಬಂದ ಕೂಡಲೇ ಹೊರಟುಬಿಡುವ ವಾಡಿಕೆ ನನಗೆ ಸರಿಕಾಣದು. ಹಾಗೆ ಮಾಡಿದರೆ ವಿಶ್ರಾಂತಿ ಬೇಕಾದವರಿಗೆ ಅದು ಸಿಗುವುದೇ ಇಲ್ಲ.

ಗಾಳಿ ಬಲವಾಗಿರುವ ದಿನ ಹೋಗುವಾಗ ಎದುರುಗಾಳಿಯೂ ಮರಳುವಾಗ ಹಿಂಗಾಳಿಯೂ ಇರುವಂತೆ ನೋಡಿಕೊಳ್ಳಿರಿ. ಸುತ್ತುದಾರಿಯಾದರೆ ಯಾವ ದಿಕ್ಕಿನಲ್ಲಿ ಸುತ್ತಬೇಕೆಂಬುದೂ ಮುಖ್ಯ: ವಾಹನಗಳು ರಸ್ತೆಯ ಎಡಬದಿಯಲ್ಲಿ ಸಾಗುವ ದೇಶಗಳಲ್ಲಿ ಅಪ್ರದಕ್ಷಿಣವಾಗಿ ಸುತ್ತಿದರೆ ಹೆಚ್ಚಿನ ತಿರುವುಗಳು ಎಡಕ್ಕೇ ಬರುವುದರಿಂದ, ಇಡೀ ಗುಂಪು ಎದುರಿನ ವಾಹನಗಳಿಗೆ ಅಡ್ಡವಾಗಿ ದಾಟಬೇಕಾದ ಸಂದರ್ಭಗಳು ಕಡಿಮೆಯಾಗುತ್ತವೆ. ಬಲಬದಿಯ ಸಂಚಾರವಿರುವಲ್ಲಿ ಇದು ತಿರುಗುಮುರುಗು.

ನಿಮ್ಮ ಕ್ಲಬ್ಬಿನಂತೆ ಬಲಾಬಲ ಬೇರೆಬೇರೆಯಾಗಿದ್ದಲ್ಲಿ ಒಂದೇ ದೊಡ್ಡ ಸುತ್ತಿಗಿಂತ ಎಂಟರ ಆಕಾರದ ಎರಡು ಸುತ್ತುಗಳು ಮೇಲು. ನಡುವೆ ಹೊರಟ ಸ್ಥಳಕ್ಕೇ ಮರಳುವುದರಿಂದ ಬಳಲಿದವರು 30 ಕಿ.ಮೀ.ಗೆ ಸಂಕೋಚವಿಲ್ಲದೆ ನಿಲ್ಲಿಸಬಹುದು, ಉಳಿದವರು ಎರಡನೆಯ ಸುತ್ತನ್ನು ತಮ್ಮ ವೇಗದಲ್ಲಿ ಮುಗಿಸಬಹುದು.

ದಾರಿಯನ್ನು ಜಿಪಿಎಕ್ಸ್ ಕಡತವಾಗಿ (ದಾರಿ ತೋರಿಸುವ ಜಿಪಿಎಸ್ ಉಪಕರಣಗಳು ಓದಬಲ್ಲ ಕಡತ) ಹಂಚುವಾಗ ‘ರೂಟ್’ ರೂಪದ ಬದಲು ‘ಟ್ರ್ಯಾಕ್’ ರೂಪವನ್ನೇ ಕಳುಹಿಸಿರಿ. ರೂಟಿನಲ್ಲಿ ಕೆಲವೇ ಬಿಂದುಗಳಿದ್ದರೆ ಅವುಗಳ ನಡುವಿನ ರಸ್ತೆಯನ್ನು ಒಂದೊಂದು ಉಪಕರಣವೂ ತನಗೆ ತೋಚಿದಂತೆ ಆರಿಸಿಕೊಳ್ಳಬಹುದು. ಆಗ ಒಂದೇ ಗುಂಪಿನವರು ಒಂದೇ ಕೂಡುರಸ್ತೆಯಲ್ಲಿ ಬೇರೆಬೇರೆ ಕಡೆಗೆ ತಿರುಗುತ್ತಾರೆ. ಟ್ರ್ಯಾಕಿನಲ್ಲಿ ನೀವು ಎಳೆದ ಗೆರೆಯೇ ಒತ್ತೊತ್ತಾದ ಬಿಂದುಗಳಾಗಿ ದಾಖಲಾಗಿರುತ್ತದೆ. ಹಂಚುವ ಮೊದಲು ನೀವೇ ಒಮ್ಮೆ ಆ ದಾರಿಯಲ್ಲಿ, ಸವಾರಿ ನಡೆಯುವ ವಾರದ ದಿನದಂದೇ, ಅದೇ ಹೊತ್ತಿನಲ್ಲಿ ಹೋಗಿಬನ್ನಿರಿ. ರಸ್ತೆ ಕಿತ್ತುಹೋಗಿರುವುದಾಗಲಿ ವಾಹನಗಳ ದಟ್ಟಣೆಯಾಗಲಿ ನಕ್ಷೆಯಲ್ಲಿ ಸರಿಯಾಗಿ ಕಾಣುವುದಿಲ್ಲ.