ಕೊಪ್ಪಳದಲ್ಲಿ ರೋಡ್ ಸೈಕಲ್: ಮೊದಲು ಗಾಳಿ, ಆಮೇಲೆ ದಾರಿ

ನಿಮ್ಮ ಪ್ರಶ್ನೆ ಇಷ್ಟು: ಬೆಂಗಳೂರಿನಿಂದ ಕೊಪ್ಪಳಕ್ಕೆ ವರ್ಗವಾಗಿದೆ, ತೆಳು ಟಯರಿನ ರೋಡ್ ಸೈಕಲ್ ಇದೆ, ಈ ಬಿಸಿಲುನಾಡಿನಲ್ಲಿ ಕೆರೆ, ಕಣಿವೆ, ಗುಡ್ಡ ನೋಡುತ್ತಾ ತುಳಿಯುವಂತಹ ದಾರಿಗಳಿವೆಯೇ, ಇಲ್ಲದಿದ್ದರೆ ಸೈಕಲ್ಲನ್ನು ಅಲ್ಲಿಯೇ ಮಾರಿ ಬರಲೇ?

ಮಾರಬೇಡಿ. ಟಯರ್ ಮಾತ್ರ ಬದಲಿಸಿಕೊಂಡು ಬನ್ನಿ. 25 ಮಿ.ಮೀ. ಇದ್ದರೆ 32ಕ್ಕೆ, ಫ್ರೇಮ್ ಅಷ್ಟು ಅಗಲವನ್ನು ಹಿಡಿಯದಿದ್ದರೆ 28ಕ್ಕಾದರೂ ಏರಿಸಿ.

ಬೆಂಗಳೂರಿನಲ್ಲಿ ದಾರಿ ಆರಿಸುವಾಗ ಏರು ಎಷ್ಟಿದೆ, ವಾಹನಗಳು ಎಷ್ಟಿವೆ ಎಂದು ನೋಡುತ್ತೀರಿ. ಇಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಗಾಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದಿಂದ ಬೀಸುವ ಮುಂಗಾರು ಗಾಳಿಯ ಜೋರನ್ನು ತಿಳಿಯಬೇಕಾದರೆ ಯಲಬುರ್ಗಾ, ಕುಕನೂರು ಕಡೆಯ ಹೊಲಗಳಲ್ಲಿ ಸಾಲುಗಟ್ಟಿ ನಿಂತ ಗಾಳಿಯಂತ್ರಗಳನ್ನು ನೋಡಿ; ಅಷ್ಟು ದುಡ್ಡು ಸುರಿದು ಯಾರೂ ಸುಮ್ಮನೆ ಕಂಬ ನೆಟ್ಟಿಲ್ಲ. ಗುಡ್ಡವಾದರೆ ಎಲ್ಲೋ ಒಂದು ಕಡೆ ಮುಗಿಯುತ್ತದೆ, ಎದುರುಗಾಳಿ ಮನೆಯ ಬಾಗಿಲಿನವರೆಗೂ ಜೊತೆಗೆ ಬರುತ್ತದೆ. ಆದ್ದರಿಂದ ಮುಂಗಾರಿನಲ್ಲಿ ಕಾಲಲ್ಲಿ ಕಸುವಿರುವಾಗಲೇ ಪಶ್ಚಿಮಕ್ಕೆ ಹೋಗಿ, ದಣಿದ ಮೇಲೆ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಬನ್ನಿ. ಹಿಂಗಾರಿನ ಹೊತ್ತಿಗೆ ಗಾಳಿ ಪೂರ್ವಕ್ಕೆ ತಿರುಗಿ ಮೆತ್ತಗಾಗುತ್ತದೆ. ಆಗ ಪೂರ್ವದ ದಾರಿ ಹಿಡಿಯಿರಿ.

ಪೂರ್ವದ ದಾರಿ ಎಂದರೆ ಮುನಿರಾಬಾದ್, ಸಾಣಾಪುರ, ಆನೆಗೊಂದಿ. ನೀವು ಕೇಳಿದ ಕೆರೆ, ಕಣಿವೆ, ಗುಡ್ಡ ಮೂರೂ ಒಂದೇ ರಸ್ತೆಯಲ್ಲಿ ಸಿಗುವುದು ಇಲ್ಲಿ ಮಾತ್ರ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಸರಿಸಾಟಿಯಾದ ದಾರಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಒಂದೇ ತೊಡಕು, ಕೊಪ್ಪಳ ಬಿಟ್ಟ ಕೂಡಲೇ ಬರುವ ಗಿಣಿಗೇರಾ ಭಾಗ. ಅಲ್ಲಿ ಕಬ್ಬಿಣದ ಕಾರ್ಖಾನೆಗಳಿವೆ, ಲಾರಿಗಳ ಸಾಲಿದೆ, ಕರಿ ಧೂಳು ಇದೆ. ಬೆಳಕು ಹರಿಯುತ್ತಲೇ ಅದನ್ನು ದಾಟಿಬಿಡಿ, ಅಥವಾ ಸೈಕಲ್ಲನ್ನು ಕಾರಿನಲ್ಲಿ ಹಾಕಿಕೊಂಡು ಹೋಗಿ ಮುನಿರಾಬಾದಿನಿಂದಲೇ ತುಳಿಯಲು ಶುರು ಮಾಡಿ. ಎರಡನೆಯದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಮುನಿರಾಬಾದಿನಲ್ಲಿ ತುಂಗಭದ್ರಾ ಅಣೆಕಟ್ಟೆಯ ಎಡದಂಡೆ. 33 ಗೇಟುಗಳ ಈ ಅಣೆಕಟ್ಟೆ 1953ರಲ್ಲಿ ಮುಗಿಯಿತು. 2024ರ ಆಗಸ್ಟ್‌ನಲ್ಲಿ ಅದರ 19ನೇ ಗೇಟು ಕೊಚ್ಚಿಹೋಗಿ ಇಡೀ ಸೀಮೆ ಉಸಿರು ಬಿಗಿಹಿಡಿದು ಕುಳಿತದ್ದು ನಿಮಗೂ ನೆನಪಿರಬಹುದು. ಪಕ್ಕದ ಹುಲಿಗಿಯಲ್ಲಿ ಹುಲಿಗೆಮ್ಮನ ಗುಡಿ ಇದೆ. ಮಂಗಳವಾರ, ಶುಕ್ರವಾರ ಮತ್ತು ಹುಣ್ಣಿಮೆಯಂದು ಆ ರಸ್ತೆಯಲ್ಲಿ ಸೈಕಲ್ ಅಲ್ಲ, ಕಾಲಿಡಲೂ ಜಾಗ ಇರುವುದಿಲ್ಲ. ಹಾಗೆಯೇ ಮುಂದೆ ಆನೆಗೊಂದಿ ಹತ್ತಿರದ ಅಂಜನಾದ್ರಿ ಬೆಟ್ಟದ ಬುಡದಲ್ಲಿ ಶನಿವಾರ ಜನಜಾತ್ರೆ. ಭಾನುವಾರವೂ ಪ್ರವಾಸಿಗರ ಕಾರುಗಳು ಬರುತ್ತವೆ, ಆದರೆ ಅವರು ಏಳುವುದು ತಡ. ಎಂಟು ಗಂಟೆಯವರೆಗೆ ರಸ್ತೆ ನಿಮ್ಮದೇ.

ಹುಲಿಗಿಯಿಂದ ಶಿವಪುರ, ಬಂಡಿಹರ್ಲಾಪುರ ದಾಟಿ ಸಾಣಾಪುರದ ಕಡೆ ಹೋದಂತೆ ನೆಲದ ಚಹರೆಯೇ ಬದಲಾಗುತ್ತದೆ. ಒಂದರ ಮೇಲೊಂದು ಪೇರಿಸಿಟ್ಟಂತಹ ಬಂಡೆಗುಡ್ಡಗಳು, ಅವುಗಳ ಸಂದಿಯಲ್ಲಿ ಸಣ್ಣ ಸಣ್ಣ ಏರಿಳಿತದ ರಸ್ತೆ, ಕೆಳಗೆ ಭತ್ತದ ಗದ್ದೆ, ಅಲ್ಲಲ್ಲಿ ಬಾಳೆ ಮತ್ತು ತೆಂಗು. ಎಡದಂಡೆ ಕಾಲುವೆ ಒಮ್ಮೆ ಪಕ್ಕಕ್ಕೆ ಬರುತ್ತದೆ, ಒಮ್ಮೆ ಸುರಂಗ ಹೊಕ್ಕು ಗುಡ್ಡದ ಆಚೆ ಏಳುತ್ತದೆ. ಏರುಗಳು ಯಾವುವೂ ನಿಮ್ಮನ್ನು ಸೈಕಲ್‌ನಿಂದ ಇಳಿಸುವಂಥವಲ್ಲ. ಎಲ್ಲರೂ ಕೆರೆ ಎಂದು ಕರೆಯುವ ಸಾಣಾಪುರದ ನೀರು ಈ ಕಾಲುವೆಯ ಸಮತೋಲನ ಜಲಾಶಯ, ಅಂದರೆ ಕಾಲುವೆಯ ಹರಿವನ್ನು ಸರಿದೂಗಿಸಲು ನೀರು ಹಿಡಿದಿಡುವ ಜಾಗ. ನೋಡಿ, ಕುಳಿತುಕೊಳ್ಳಿ, ಇಳಿಯಬೇಡಿ. ಕೆರೆಯಲ್ಲೂ, ಕಾಲುವೆಯಲ್ಲೂ, ಪಕ್ಕದ ಹೊಳೆಯಲ್ಲೂ ಈಜಲು ಹೋಗಿ ಪ್ರಾಣ ಬಿಟ್ಟವರಿದ್ದಾರೆ. ಮೇಲೆ ಶಾಂತವಾಗಿ ಕಾಣುವ ನೀರಿಗೆ ಒಳಗೆ ಬೇರೆಯದೇ ಸೆಳೆತವಿರುತ್ತದೆ. ಹೊಳೆಯಲ್ಲಿ ಮೊಸಳೆಗಳೂ ಇವೆ. ಅಣೆಕಟ್ಟೆಯಿಂದ ಕಂಪ್ಲಿಯವರೆಗಿನ ನದಿಯ ಪಾತ್ರವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದಾರೆ. ನೀರುನಾಯಿ ಕಾಣಬೇಕೆಂದರೆ ಬೆಳಗಿನ ಜಾವ ದಡದಲ್ಲಿ ಸದ್ದಿಲ್ಲದೆ ನಿಲ್ಲುವ ತಾಳ್ಮೆ ಬೇಕು. ವೇಗದ ಲೆಕ್ಕ ಇಟ್ಟುಕೊಂಡು ಹೊರಟವರಿಗೆ ಅದು ಸಿಗುವುದಿಲ್ಲ.

ಹನುಮನಹಳ್ಳಿ ದಾಟಿದರೆ ಆನೆಗೊಂದಿ. ರಂಗನಾಥನ ಗುಡಿ, ಗಗನ ಮಹಲು ಊರೊಳಗೇ ಇವೆ. ಉಪಾಹಾರಕ್ಕೆ ಇಲ್ಲಿಯೇ ನಿಲ್ಲಿ; ಇಡ್ಲಿಯ ಜೊತೆ ಒಂದು ಬಿಸಿ ಮಿರ್ಚಿಯನ್ನೂ ತಿನ್ನಿ, ಬೇಡವೆನ್ನುವ ಡಯಟ್ ಪಟ್ಟಿಯನ್ನು ಬೆಂಗಳೂರಿನಲ್ಲೇ ಬಿಟ್ಟು ಬನ್ನಿ. ಮುಂದೆ ಎರಡು ಆಯ್ಕೆ. ಹತ್ತು-ಹನ್ನೆರಡು ಕಿ.ಮೀ. ತುಳಿದು ಗಂಗಾವತಿಗೆ ಹೋಗಬಹುದು. ಇಲ್ಲವೇ ಕಡೆಬಾಗಿಲು ಸೇತುವೆಯ ಮೇಲೆ ಹೊಳೆ ದಾಟಿ ಬುಕ್ಕಸಾಗರ, ಕಮಲಾಪುರ, ಹೊಸಪೇಟೆ ಸುತ್ತಿ ಮತ್ತೆ ಮುನಿರಾಬಾದಿಗೆ ಬರಬಹುದು. ಇಡೀ ಸುತ್ತು 60 ಕಿ.ಮೀ. ಆಸುಪಾಸು. ತಳವಾರಘಟ್ಟದಿಂದ ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆ 2009ರಲ್ಲಿ ಕುಸಿಯಿತು. ಹಳೆಯ ಬರಹಗಳಲ್ಲಿ ಅದರ ಪ್ರಸ್ತಾಪ ಕಂಡು ಆ ಕಡೆ ಹೋಗಬೇಡಿ.

ಈಗ ಟಯರಿನ ವಿಷಯ. ಗಂಗಾವತಿ ಸೀಮೆ ಭತ್ತದ ಕಣಜ. ನಾಟಿಯ ಕಾಲದಲ್ಲಿ ಕೇಜ್‌ವೀಲ್, ಅಂದರೆ ಕೆಸರುಗದ್ದೆಗೆಂದು ಮಾಡಿದ ಕಬ್ಬಿಣದ ಪಟ್ಟಿಗಳ ಚಕ್ರ, ಹಾಕಿದ ಟ್ರ್ಯಾಕ್ಟರ್‌ಗಳು ಗದ್ದೆಯಿಂದ ಗದ್ದೆಗೆ ಹೋಗಲು ಡಾಂಬರಿನ ಮೇಲೆಯೇ ಓಡುತ್ತವೆ. ಆ ಕಬ್ಬಿಣದ ಪಟ್ಟಿಗಳು ರಸ್ತೆಯನ್ನು ಅಡ್ಡಡ್ಡ ಕೊರೆದುಬಿಡುತ್ತವೆ. ತೆಳು ಟಯರಿನಲ್ಲಿ ಅದರ ಮೇಲೆ ಹೋದರೆ ಹಲ್ಲು ಅಲುಗಾಡುತ್ತದೆ. ಕೊಯ್ಲಿನ ಕಾಲದಲ್ಲಿ ಅರ್ಧ ರಸ್ತೆಯ ಮೇಲೆ ಭತ್ತ ಒಣಹಾಕಿ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಬೆಳಗಿನ ಮಬ್ಬಿನಲ್ಲಿ ಭತ್ತ ಕಾಣುತ್ತದೆ, ಕಲ್ಲು ಕಾಣುವುದಿಲ್ಲ. ಮುಂದೆ ಒಳ್ಳೆಯ ದೀಪವಿರಲಿ. ರೈತರ ಮೇಲೆ ರೇಗಬೇಡಿ, ಅವರಿಗೂ ಬೇರೆ ಕಣವಿಲ್ಲ. ಇನ್ನು ಮುಳ್ಳು. ಬಳ್ಳಾರಿ ಜಾಲಿ ಎಂದು ನಾಡೆಲ್ಲ ಹೆಸರಾದ ಗಿಡದ ತವರಿಗೇ ಬರುತ್ತಿದ್ದೀರಿ. ರಸ್ತೆ ಬದಿಯ ಜಾಲಿಯನ್ನು ಕಡಿದು ಸಾಗಿಸಿದ ಮೇಲೆ ಉಳಿಯುವ ಮುಳ್ಳು, ಮಳೆ ಮುಗಿದ ಮೇಲೆ ಮಣ್ಣಿನ ಅಂಚಿನಲ್ಲಿ ಒಣಗುವ ನೆಗ್ಗಿಲು ಮುಳ್ಳು, ಎರಡೂ ಒಳ್ಳೆಯ ಟಯರನ್ನೂ ಬಿಡುವುದಿಲ್ಲ. ಎದುರಿನ ವಾಹನಕ್ಕೆ ದಾರಿ ಕೊಡಬೇಕಾದರೆ ವೇಗ ತಗ್ಗಿಸಿ, ಆದಷ್ಟು ಡಾಂಬರಿನ ಮೇಲೆಯೇ ಇರಿ. ಹಳ್ಳಿಯ ಪಂಚರ್ ಅಂಗಡಿಯವರು ಪ್ಯಾಚ್ ಅನ್ನು ಅಚ್ಚುಕಟ್ಟಾಗಿ ಹಾಕುತ್ತಾರೆ, ಆದರೆ ನಿಮ್ಮ ಸೈಕಲ್ಲಿನ ತೆಳು ಪ್ರೆಸ್ಟಾ ವಾಲ್ವಿಗೆ ಅವರ ಪಂಪು ಕೂರುವುದಿಲ್ಲ. ಎರಡು ಟ್ಯೂಬ್, ಒಂದು ಕೈಪಂಪು ನಿಮ್ಮದೇ ಇರಲಿ.

ಮುಂಗಾರಿನ ಪಶ್ಚಿಮದ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅದು ನೇರ. ಹೆದ್ದಾರಿಯಲ್ಲಿ ಭಾನಾಪುರದವರೆಗೆ ಹೋಗಿ ಕುಕನೂರಿಗೆ ತಿರುಗಿ, ಅಲ್ಲಿಂದ ಇಟಗಿ. ಗುಡ್ಡವಿಲ್ಲ, ಕೆರೆಯಿಲ್ಲ, ಕಣ್ಣು ಹಾಯುವವರೆಗೆ ಎರೆ ಹೊಲ, ಮೇಲೆ ಓಡುವ ಮೋಡ. ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎನ್ನುತ್ತದೆ, ನೋಡಿದವರು ಯಾರೂ ತಕರಾರು ತೆಗೆದದ್ದನ್ನು ನಾನು ಕೇಳಿಲ್ಲ. ಒಂದೇ ಎಚ್ಚರಿಕೆ: ಮಳೆ ಬಿದ್ದ ಮೇಲೆ ಎರೆ ಮಣ್ಣಿಗೆ ಚಕ್ರ ಇಳಿಸಬೇಡಿ. ಬ್ರೇಕಿಗೂ ಚಕ್ರಕ್ಕೂ ನಡುವೆ ತುಂಬಿಕೊಂಡರೆ ಸೈಕಲ್ಲನ್ನು ಹೊತ್ತುಕೊಂಡೇ ನಡೆಯಬೇಕು.

ಕಚೇರಿಗೆ ಹೋಗುವ ದಿನಗಳಲ್ಲಿ ಬೆಳಗಿನ ಸಣ್ಣ ಸುತ್ತಿಗೆ ಕಿನ್ನಾಳ ಮತ್ತು ಹಿರೇಹಳ್ಳ ಜಲಾಶಯ ಸಾಕು. ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವ ಚಿತ್ರಗಾರರ ಮನೆಗಳಿವೆ. ಬೇಗ ಹೋದರೆ ಬಾಗಿಲು ಮುಚ್ಚಿರುತ್ತದೆ, ಅದಕ್ಕೆ ಬೇರೆ ದಿನವೇ ಒಳ್ಳೆಯದು.

ನಿಜವಾದ ಏರು ಬೇಕೆಂದರೆ ಜಿಲ್ಲೆ ದಾಟಿ ಬಳ್ಳಾರಿಯ ಸಂಡೂರಿಗೆ ಹೋಗಬೇಕು. ನಾರಿಹಳ್ಳ ಗುಡ್ಡಸಾಲನ್ನು ಸೀಳಿಕೊಂಡು ಹರಿದ ಕಡೆ ಭೀಮಗಂಡಿ, ಓಬಳಗಂಡಿ ಎಂಬ ಎರಡು ಇಕ್ಕಟ್ಟಾದ ಕಣಿವೆಗಳಿವೆ, ಅದೇ ಹಳ್ಳಕ್ಕೆ ಕಟ್ಟಿದ ಅಣೆಕಟ್ಟೆಯೂ ಇದೆ. ಪೇಟೆಯಿಂದ ಹತ್ತು-ಹನ್ನೊಂದು ಕಿ.ಮೀ. ದೂರದ ಕುಮಾರಸ್ವಾಮಿ ಬೆಟ್ಟದ ರಸ್ತೆ ಕಾಡಿನ ನಡುವೆ ತಿರುವು ತಿರುವಾಗಿ ಏರುತ್ತದೆ. ಮೇಲಿರುವ ಪಾರ್ವತಿಯ ಗುಡಿ ಬಾದಾಮಿ ಚಾಲುಕ್ಯರ ಕಾಲದ್ದು. ಸೆಪ್ಟೆಂಬರ್‌ನಲ್ಲಿ ಸಂಡೂರು ನೋಡಬೇಕು ಎಂದು ಗಾಂಧೀಜಿ ಹೇಳಿದ್ದರೆಂದು ಊರವರು ಇಂದಿಗೂ ಹೇಳಿಕೊಳ್ಳುತ್ತಾರೆ. ತಿಂಗಳ ಆಯ್ಕೆಯಂತೂ ಸರಿ, ಆಗ ಗುಡ್ಡಗಳೆಲ್ಲ ಹಸಿರು. ಆದರೆ ಅದೇ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳೂ ಇಳಿಯುತ್ತವೆ. ಅವು ಚೆಲ್ಲಿದ ಕೆಂಪು ಹುಡಿ ಮಳೆಯಲ್ಲಿ ನೆನೆದರೆ ತಿರುವಿನಲ್ಲಿ ಸೈಕಲ್ ಜಾರುತ್ತದೆ, ರಿಮ್ ಬ್ರೇಕ್ ಹಿಡಿಯುವುದಿಲ್ಲ. ಏರುವಾಗ ಎಷ್ಟು ನಿಧಾನವೋ ಇಳಿಯುವಾಗಲೂ ಅಷ್ಟೇ ನಿಧಾನ. ಸಂಡೂರಿನ ಗುಡ್ಡಗಳ ಮೇಲಿರುವ ರಾಮಘಡದ ಕಡೆಯ ರಸ್ತೆ ರೋಡ್ ಸೈಕಲ್ಲಿಗೆ ಹೇಳಿದ್ದಲ್ಲ.

ಮಾರ್ಚ್‌ನಿಂದ ಮೇವರೆಗೆ ಎಲ್ಲಿಗೆ ಹೋದರೂ ಎಂಟೂವರೆಯೊಳಗೆ ಮನೆ ಸೇರಿ. ಒಬ್ಬರೇ ಹೋಗಬಹುದೇ ಎಂದೂ ಕೇಳಿದ್ದೀರಿ. ಹಗಲಲ್ಲಿ ಹೋಗಬಹುದು. ಆನೆಗೊಂದಿಯ ಗುಡ್ಡಗಳಲ್ಲಿ ಚಿರತೆ, ಕರಡಿಗಳಿವೆ, ಹಿಂದೆ ಚಿರತೆ ಮನುಷ್ಯರನ್ನು ಕೊಂದದ್ದೂ ಉಂಟು. ಕತ್ತಲಾದ ಮೇಲೆ ಅಲ್ಲಿನ ಒಳರಸ್ತೆಗಳಲ್ಲಿ ಒಂಟಿಯಾಗಿ ಇರಬೇಡಿ.

ಯಾವ ತಿಂಗಳಲ್ಲಿ ಬರುತ್ತಿದ್ದೀರಿ ಎಂದು ಬರೆದಿಲ್ಲ. ತಿಳಿಸಿದರೆ ಮೊದಲ ಭಾನುವಾರ ಯಾವ ದಿಕ್ಕಿಗೆ ಹೊರಡಬೇಕೆಂದು ಹೇಳುತ್ತೇನೆ.