ಬೆಣ್ಣೆಯಲ್ಲಿ ತೇಲಿದ ಹೆಬ್ಬಾತು

ನಮಸ್ಕಾರ. ‘ಸ್ಮೋರ್ಗೋಸ್‌ಬೂರ್ಡ್’, ಅಂದರೆ ಬಗೆಬಗೆಯ ತಿನಿಸುಗಳನ್ನು ಮೇಜಿನ ಮೇಲಿಟ್ಟು ಬೇಕಾದ್ದನ್ನು ತಾವೇ ಬಡಿಸಿಕೊಳ್ಳುವ ಊಟ; ಈ ಸ್ವೀಡಿಷ್ ಪದದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬಿಸಾಡುವಂಥದ್ದೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಪದ ಬಿಡಿಸಿದ್ದು ಸರಿ. ಸ್ಮೋರ್ ಅಂದರೆ ಬೆಣ್ಣೆ, ಗೋಸ್ ಅಂದರೆ ಹೆಬ್ಬಾತು, ಬೂರ್ಡ್ ಅಂದರೆ ಮೇಜು. ಎಡವಿದ್ದು ಅದರ ಮುಂದೆ. ‘ಸ್ವೀಡನ್ನಿನ ಶ್ರೀಮಂತರು ಬೆಣ್ಣೆಯಲ್ಲಿ ಹುರಿದ ಹೆಬ್ಬಾತನ್ನು ಮೇಜಿನ ಮೇಲಿಟ್ಟು ನೆಂಟರನ್ನು ಕರೆಯುತ್ತಿದ್ದರು’ ಅಂದಿದ್ದೀರಿ. ಇದು ಎಲ್ಲಿ ಸಿಕ್ಕಿತು? ಮೂರು ಪದ ಜೋಡಿಸಿ ಸುಮ್ನೆ ಕಟ್ಟಿದ ಕಥೆ ಇದು. ಹೆಬ್ಬಾತಿನ ಮಾಂಸಕ್ಕೂ ಈ ಪದಕ್ಕೂ ಸಂಬಂಧವಿಲ್ಲ.

ಮೊಸರು ಕಡೆಯುವುದನ್ನು ನೋಡಿದ್ದೀರಿ, ಅಲ್ವಾ? ಕಡೆಗೋಲು ತಿರುಗುತ್ತಾ ತಿರುಗುತ್ತಾ ಬೆಣ್ಣೆ ಸಣ್ಣ ಸಣ್ಣ ಮುದ್ದೆಯಾಗಿ ಮೇಲೆ ತೇಲುತ್ತದೆ. ಸ್ವೀಡನ್ನಿನಲ್ಲಿ ಕೆನೆ ಕಡೆಯುತ್ತಿದ್ದರು. ಅದರಲ್ಲಿ ತೇಲಿದ ಮುದ್ದೆಗಳು ಅವರ ಕಣ್ಣಿಗೆ ನೀರಿನ ಮೇಲಿನ ಹೆಬ್ಬಾತುಗಳ ಹಾಗೆ ಕಂಡವು. ಮುದ್ದೆಗೇ ‘ಗೋಸ್’ ಎಂಬ ಹೆಸರು ಬಿತ್ತು. ಅದನ್ನು ಬ್ರೆಡ್ಡಿಗೆ ಸವರಿ ತಿನ್ನುತ್ತಿದ್ದರಿಂದ ಕೊನೆಗೆ ಆ ಬ್ರೆಡ್ ತುಂಡೇ ‘ಸ್ಮೋರ್ಗೋಸ್’ ಆಯಿತು. ಈಗ ಅದರ ಮೇಲೆ ಚೀಸ್, ಸಿಗಡಿ, ಏನು ಬೇಕಾದರೂ ಕೂರುತ್ತದೆ. ಲೇಖನ ಈ ಕಡೆಗೋಲಿನಿಂದ ಶುರುವಾಗಲಿ. ನಮ್ಮ ಓದುಗರಿಗೆ ಜಾಸ್ತಿ ವಿವರಿಸಬೇಕಾಗಿಯೂ ಇಲ್ಲ. (ಅಂದ ಹಾಗೆ, ನಮ್ಮ ‘ಹೆಬ್ಬಾತು’ ಕೂಡ ಸಮಾಸಪದವೇ. ಹಿರಿದಾದ ಬಾತು. ಇದು ನಿಮಗೆ ಹೊಳೆಯದಿದ್ದದ್ದು ಆಶ್ಚರ್ಯ.)

ಆ ಕಡೆಯ ಹಳೇ ಕಾಲದ ಕಡಲಯಾತ್ರಿಕರಾದ ವೈಕಿಂಗರ ಬಗ್ಗೆ ನೀವು ಬರೆದ ಎರಡು ಪುಟ ಪೂರ್ತಿ ತೆಗೆಯಿರಿ. 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಸ್ವೀಡನ್ನಿನ ಹೋಟೆಲು ಈ ಊಟದ ರುಚಿಯನ್ನು ಅಮೆರಿಕನ್ನರಿಗೆ ಹತ್ತಿಸಿದ್ದಕ್ಕೆ ಒಂದು ಸಾಲು ಸಾಕು.

ಊಟದ ಕ್ರಮದ ಭಾಗ ಮಾತ್ರ ಮುಟ್ಟಬೇಡಿ, ಚೆನ್ನಾಗಿದೆ. ಮೊದಲು ಹೆರಿಂಗ್ ಮೀನು, ಆಮೇಲೆ ಬೇರೆ ಮೀನು, ತಣ್ಣನೆಯ ಮಾಂಸ, ಕೊನೆಗೆ ಬಿಸಿ ಪದಾರ್ಥ. ಪ್ರತಿ ಸಲವೂ ಹೊಸ ತಟ್ಟೆ. ಆದರೆ ಇದರ ಪಕ್ಕದಲ್ಲೇ ಇದ್ದ ತಮಾಷೆಯನ್ನು ನೀವು ನೋಡಲೇ ಇಲ್ಲ. ಇಂಗ್ಲಿಷಿನವರು ಎಲ್ಲ ಬಗೆಯ ಕಲಸುಮೇಲೋಗರಕ್ಕೂ ಈ ಪದ ಬಳಸುತ್ತಾರೆ. ಸ್ವೀಡನ್ನಿನ ಮೇಜಿನಲ್ಲಿ ಮೀನಿನ ತಟ್ಟೆಗೆ ಮಾಂಸ ಹಾಕಿಕೊಂಡರೆ ಪಕ್ಕದವರು ಮುಖ ನೋಡುತ್ತಾರೆ.

ಇನ್ನೊಂದು ವಿಷಯ. ಒಂದು ಕಡೆ ‘ಸ್ಮಾರ್ಗಸ್‌ಬೋರ್ಡ್’, ಇನ್ನೊಂದು ಕಡೆ ‘ಸ್ಮೊರ್ಗಾಸ್‌ಬರ್ಡ್’ ಅಂತಿದೆ. ಯಾವುದಾದರೂ ಒಂದಕ್ಕೆ ಅಂಟಿಕೊಳ್ಳಿ. ಸ್ವೀಡಿಷ್ ಉಚ್ಚಾರಕ್ಕೆ ಹತ್ತಿರವಿರುವುದು ನಾನು ಮೇಲೆ ಬರೆದದ್ದು.

600 ಪದದೊಳಗೆ ತಿದ್ದಿ ಕಳಿಸಿ. ಹುರಿದ ಹೆಬ್ಬಾತು ಬೇಡ.