ಮಂತ್ರಿ, ಖೈದಿ, ಅಧ್ಯಕ್ಷೆ: ಎಲೆನ್ ಅವಕಾಶವಾದಿಯೇ?

ಪ್ರಶ್ನೆ: ಪಶ್ಚಿಮ ಆಫ್ರಿಕಾದ ಲೈಬೀರಿಯಾ ದೇಶದ ಎಲೆನ್ ಜಾನ್ಸನ್ ಸರ್ಲೀಫ್ ಬಗ್ಗೆ ಓದುತ್ತಿದ್ದೆ. ಅಧ್ಯಕ್ಷ ಟೋಲ್ಬರ್ಟ್ ಕಾಲದಲ್ಲಿ ಮಂತ್ರಿ. ಟೋಲ್ಬರ್ಟ್ ಅವರನ್ನು ಉರುಳಿಸಿದ ಸ್ಯಾಮುಯೆಲ್ ಡೋ ಕಾಲದಲ್ಲೂ ಹುದ್ದೆ. ಆಮೇಲೆ ಬಂಡುಕೋರ ಚಾರ್ಲ್ಸ್ ಟೇಲರ್‌ಗೆ ಬೆಂಬಲ. ಕೊನೆಗೆ ತಾವೇ ಅಧ್ಯಕ್ಷೆ, ನೊಬೆಲ್ ಬೇರೆ! ಗಾಳಿ ಬಂದಾಗ ತೂರಿಕೊಂಡವರು ಅನ್ನಿಸುತ್ತದೆ. ನೀವೇನು ಹೇಳುತ್ತೀರಿ?
– ಓದುಗರೊಬ್ಬರು, ಹಾಸನ

ಉತ್ತರ: ಹುದ್ದೆಗಳ ಪಟ್ಟಿ ಮಾತ್ರ ನೋಡಿದರೆ ಹಾಗೇ ಅನ್ನಿಸುತ್ತದೆ. ಆದರೆ ಅವರು ಯಾವ ಸರ್ಕಾರಕ್ಕೆ ಯಾವಾಗ ಸೇರಿದರು ಅನ್ನುವಷ್ಟೇ, ಯಾವಾಗ ಹೊರಬಿದ್ದರು ಅನ್ನುವುದೂ ಮುಖ್ಯ.

ಅಮೆರಿಕದಿಂದ ಬಂದು ನೆಲೆಸಿದ ಕಪ್ಪು ಜನ 1847ರಲ್ಲಿ ಲೈಬೀರಿಯಾವನ್ನು ಸ್ವತಂತ್ರ ದೇಶವೆಂದು ಘೋಷಿಸಿದರು. ಅಲ್ಲಿಂದ 1980ರ ತನಕ ಅಧಿಕಾರ ಅವರ ವಂಶದವರ ಕೈಯಲ್ಲೇ ಇತ್ತು. ಮೊದಲಿನಿಂದ ಆ ನೆಲದಲ್ಲೇ ಇದ್ದ ಜನಕ್ಕೆ ಸಿಕ್ಕಿದ್ದು ಕಡಿಮೆ. ಎಲೆನ್ ಹುಟ್ಟಿದ್ದು 1938ರಲ್ಲಿ, ರಾಜಧಾನಿ ಮನ್ರೋವಿಯಾದಲ್ಲಿ. ತಂದೆ ಗೋಲಾ ಬುಡಕಟ್ಟಿನವರು. 17ಕ್ಕೇ ಮದುವೆ, ನಾಲ್ಕು ಗಂಡುಮಕ್ಕಳು. ಆಮೇಲೆ ಅಮೆರಿಕದಲ್ಲಿ ಓದು. 1971ರಲ್ಲಿ ಹಾರ್ವರ್ಡ್ ಪದವಿ ಹಿಡಿದು ಬಂದು ಹಣಕಾಸು ಇಲಾಖೆ ಸೇರಿದರು. ಸೇರಿದ ಸ್ವಲ್ಪ ದಿನಕ್ಕೇ, ತಾವು ಓದಿದ ಶಾಲೆಯ ಸಮಾರಂಭದಲ್ಲಿ ಸ್ವಂತ ಸರ್ಕಾರವನ್ನೇ ಟೀಕಿಸಿ ಮಾತಾಡಿದರು. ಹೆಚ್ಚು ದಿನ ಅಲ್ಲಿ ಉಳಿಯಲಾಗಲಿಲ್ಲ, ವಿಶ್ವಬ್ಯಾಂಕಿಗೆ ಹೋದರು.

1979ರಲ್ಲಿ ಸರ್ಕಾರ 100 ಪೌಂಡ್ ಅಕ್ಕಿ ಮೂಟೆಯ ಬೆಲೆಯನ್ನು 22 ಡಾಲರ್‌ನಿಂದ 26ಕ್ಕೆ ಏರಿಸಲು ಹೊರಟಿತು. ಅಲ್ಲಿಯವರಿಗೂ ನಮ್ಮ ಹಾಗೆ ಅನ್ನವೇ ಊಟ. ಏಪ್ರಿಲ್ 14ರಂದು ಜನ ಬೀದಿಗಿಳಿದರು, ಗುಂಡು ಹಾರಿತು, ಹತ್ತಾರು ಜನ ಸತ್ತರು. ಅದೇ ವರ್ಷ ಎಲೆನ್ ಹಣಕಾಸು ಮಂತ್ರಿಯಾದರು. ಮುಳುಗುವ ದೋಣಿ ಅಂತ ಗೊತ್ತಿದ್ದೂ ಹತ್ತಿದರು ಅನ್ನಬೇಕು.

ಒಂದು ವರ್ಷವೂ ಆಗಲಿಲ್ಲ. 1980ರ ಏಪ್ರಿಲ್ 12ರಂದು ಸಾರ್ಜೆಂಟ್ ಡೋ ಮತ್ತು ಸಂಗಡಿಗರು ಅಧ್ಯಕ್ಷರ ಭವನಕ್ಕೆ ನುಗ್ಗಿ ಟೋಲ್ಬರ್ಟ್ ಅವರನ್ನು ಕೊಂದರು. ಹತ್ತು ದಿನದ ನಂತರ ಮಂತ್ರಿಗಳು, ಅಧಿಕಾರಿಗಳು ಸೇರಿ 13 ಜನರನ್ನು ಸಮುದ್ರದ ದಡಕ್ಕೆ ಎಳೆದು ತಂದರು. ಕಟ್ಟಿ ಗುಂಡಿಕ್ಕಲು ಮರಳಿನಲ್ಲಿ ನೆಟ್ಟ ಕಂಬಗಳಿದ್ದದ್ದು ಒಂಬತ್ತೇ. ಉಳಿದ ನಾಲ್ವರು ತಮ್ಮ ಸರದಿಗೆ ಕಾಯಬೇಕಾಯಿತು. ಸಾವಿರಾರು ಜನ ನೋಡುತ್ತಾ ನಿಂತಿದ್ದರು. ಆ ಮಂತ್ರಿಮಂಡಲದಲ್ಲಿ ಜೀವ ಉಳಿಸಿಕೊಂಡವರು ಬೆರಳೆಣಿಕೆಯಷ್ಟು ಮಂದಿ, ಅವರಲ್ಲಿ ಎಲೆನ್ ಒಬ್ಬರು.

ಅವರನ್ನು ಯಾಕೆ ಬಿಟ್ಟರು? ನನ್ನ ಲೆಕ್ಕದಲ್ಲಿ ಎರಡು ಕಾರಣ. ಹಳೆಯ ಸರ್ಕಾರವನ್ನು ಒಳಗಿದ್ದುಕೊಂಡೇ ಬೈದವರು ಅನ್ನುವ ಹೆಸರಿತ್ತು. ಜೊತೆಗೆ, ಖಜಾನೆಯಲ್ಲಿ ಏನಿದೆ, ಯಾರಿಗೆ ಎಷ್ಟು ಸಾಲ ಕೊಡಬೇಕು ಅಂತ ಹೇಳಬಲ್ಲವರು ಆ ಸೈನಿಕರಿಗೆ ಬೇಕಿತ್ತು. ಒಂದು ಸರ್ಕಾರಿ ಬ್ಯಾಂಕಿನ ಮುಖ್ಯಸ್ಥೆಯ ಹುದ್ದೆ ಕೊಟ್ಟರು. ನೀವು ಹೇಳುವ ಹುದ್ದೆ ಅದೇ. ಅವರು ಅಲ್ಲಿದ್ದದ್ದು ಕೆಲವೇ ತಿಂಗಳು. ಆ ವರ್ಷ ಮುಗಿಯುವುದರೊಳಗೆ ಡೋ ಅವರನ್ನು ಬಹಿರಂಗವಾಗಿ ಟೀಕಿಸಿ ದೇಶ ಬಿಟ್ಟರು. ತೂರಿಕೊಳ್ಳುವವರು ಹೀಗೆ ಮಾಡುತ್ತಾರಾ?

1985ರಲ್ಲಿ ಚುನಾವಣೆಗೆ ಅಂತ ಮರಳಿದರು. ಅಮೆರಿಕದಲ್ಲಿ ಮಾಡಿದ ಭಾಷಣವೊಂದರಲ್ಲಿ ದೇಶ ಆಳುವವರನ್ನು ಮೂರ್ಖರು ಅಂದಿದ್ದರು. ಅದಕ್ಕೆ 10 ವರ್ಷ ಕಠಿಣ ಶಿಕ್ಷೆ ವಿಧಿಸಿದರು. ಹೊರಗಿನ ಒತ್ತಡಕ್ಕೆ ಮಣಿದು ಬೇಗ ಬಿಟ್ಟರು. ಅಕ್ಟೋಬರ್‌ನಲ್ಲಿ ಸೆನೆಟ್‌ಗೆ ಗೆದ್ದರು. ಆದರೆ ಡೋ 50.9 ಶೇಕಡಾ ಮತ ಪಡೆದೆ ಅಂತ ತಾನೇ ಘೋಷಿಸಿಕೊಂಡಿದ್ದ, ಎಣಿಕೆಯಲ್ಲಿ ಮೋಸ ಆಗಿದೆ ಅಂತ ಊರಿಗೆಲ್ಲ ಗೊತ್ತಿತ್ತು. ಗೆದ್ದ ಕುರ್ಚಿಯಲ್ಲಿ ಕೂರಲು ಎಲೆನ್ ಒಪ್ಪಲಿಲ್ಲ. ನವೆಂಬರ್‌ನಲ್ಲಿ ಡೋ ವಿರುದ್ಧ ನಡೆದ ಕ್ಷಿಪ್ರಕ್ರಾಂತಿ ವಿಫಲವಾದಾಗ ಮತ್ತೆ ಸೆರೆ. ಅವರಿದ್ದ ಸೈನಿಕ ಶಿಬಿರದಿಂದ ಗಂಡಸರನ್ನು ಹೊರಗೆ ಕರೆದುಕೊಂಡು ಹೋಗಿ ಕೊಂದರು. ಆ ರಾತ್ರಿ ಅವರ ಮೈಮೇಲೆ ಕೈಹಾಕಲು ಬಂದವನನ್ನು ತಡೆದು ಹೊರಗಟ್ಟಿದ್ದು ಇನ್ನೊಬ್ಬ ಸೈನಿಕ. ಈ ಭಾಗ ಓದುವಾಗ ಈಗಲೂ ನನ್ನ ಎದೆ ಭಾರವಾಗುತ್ತದೆ. 1986ರಲ್ಲಿ ಬಿಡುಗಡೆ, ಮತ್ತೆ ಪರದೇಶ.

ಇನ್ನು ಟೇಲರ್ ವಿಷಯ. ಇಲ್ಲಿ ನಿಮ್ಮ ಆಕ್ಷೇಪ ಸರಿ. 1989ರ ಡಿಸೆಂಬರ್‌ನಲ್ಲಿ ಟೇಲರ್ ದಂಡೆತ್ತಿ ಬಂದಾಗ, ಡೋ ತೊಲಗಿದರೆ ಸಾಕು ಅನ್ನುವ ಹಟದಲ್ಲಿ ಎಲೆನ್ ಮತ್ತು ಸಂಗಡಿಗರು 10,000 ಡಾಲರ್ ಒಟ್ಟುಮಾಡಿ ಕೊಟ್ಟರು. ಟೇಲರ್‌ನ ನಿಜ ಬಣ್ಣ ತಿಳಿದ ಮೇಲೆ ದೂರವಾದರು. 1997ರಲ್ಲಿ ಅವನ ಎದುರೇ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಅವನಿಗೆ ಸುಮಾರು 75 ಶೇಕಡಾ ಮತ, ಇವರಿಗೆ 10ರ ಆಸುಪಾಸು. ಆದರೆ ಟೇಲರ್ ದಾಳಿಯಿಂದ ಹೊತ್ತಿಕೊಂಡ ಅಂತರ್ಯುದ್ಧದಲ್ಲಿ ಮನೆಮಂದಿಯನ್ನು ಕಳೆದುಕೊಂಡವರಿಗೆ ‘ಆಮೇಲೆ ಗೊತ್ತಾಯಿತು’ ಅನ್ನುವ ಮಾತು ಯಾವ ಸಮಾಧಾನ ಕೊಡುತ್ತದೆ? ಅಧ್ಯಕ್ಷೆಯಾಗಿದ್ದಾಗಲೇ, 2009ರಲ್ಲಿ, ಯುದ್ಧಕಾಲದ ಅನ್ಯಾಯಗಳ ತನಿಖೆಗೆಂದು ನೇಮಿಸಿದ್ದ ಸತ್ಯಶೋಧನಾ ಆಯೋಗದ ಮುಂದೆ ಹೋಗಿ ಇದನ್ನು ಒಪ್ಪಿಕೊಂಡರು. 30 ವರ್ಷ ಅವರಿಗೆ ಸಾರ್ವಜನಿಕ ಹುದ್ದೆ ಬೇಡ ಅಂತ ಆಯೋಗ ಶಿಫಾರಸು ಮಾಡಿತು. 2011ರಲ್ಲಿ ಸುಪ್ರೀಂ ಕೋರ್ಟ್ ಅದು ಸಂವಿಧಾನಕ್ಕೆ ವಿರುದ್ಧ ಅಂದಿತು. ಕೋರ್ಟ್ ಏನೇ ಹೇಳಲಿ, ಅದು ಅವರ ಬದುಕಿನ ದೊಡ್ಡ ತಪ್ಪು ಅಂತಲೇ ನಾನು ನಂಬಿದ್ದೇನೆ. ಆದರೆ ಅದು ಕುರ್ಚಿ ಆಸೆಯ ತಪ್ಪಲ್ಲ, ಆತುರದ ತಪ್ಪು.

2005ರ ಮೊದಲ ಸುತ್ತಿನಲ್ಲಿ ಫುಟ್‌ಬಾಲ್ ತಾರೆ ಜಾರ್ಜ್ ವೇಯಾ ಮುಂದಿದ್ದರು. ಎರಡನೇ ಸುತ್ತಿನಲ್ಲಿ ಎಲೆನ್ 59.4 ಶೇಕಡಾ ಪಡೆದು ಗೆದ್ದರು. ಆಫ್ರಿಕಾದಲ್ಲಿ ಚುನಾವಣೆ ಗೆದ್ದು ಅಧ್ಯಕ್ಷರಾದ ಮೊದಲ ಹೆಂಗಸು. ಕೈಗೆ ಬಂದದ್ದು ಸುಮಾರು 8 ಕೋಟಿ ಡಾಲರ್‌ನ ಬಜೆಟ್, ತಲೆ ಮೇಲೆ 490 ಕೋಟಿ ಡಾಲರ್ ಸಾಲ. ಯುದ್ಧದಲ್ಲಿ ಕರೆಂಟು ಹೋಗಿ ಒಂದೂವರೆ ದಶಕವಾಗಿತ್ತು. 2006ರ ಜುಲೈ 26, ಸ್ವಾತಂತ್ರ್ಯ ದಿನದಂದು, ಮನ್ರೋವಿಯಾದ ಕೆಲವು ಬೀದಿಗಳಲ್ಲಿ ದೀಪ ಹತ್ತಿತು. ಬೀದಿದೀಪವನ್ನೇ ನೋಡದೆ ಬೆಳೆದ ಮಕ್ಕಳಿದ್ದ ಊರು ಅದು. 2010ರ ಹೊತ್ತಿಗೆ ವಿದೇಶಿ ಸಾಲದ ಬಹುಪಾಲು ಮನ್ನಾ ಆಯಿತು. ಹಣಕಾಸಿನ ಆ ಅನುಭವ ಇಲ್ಲಿ ಕೈಹಿಡಿಯಿತು.

ಮಕ್ಕಳಿಗೆ ದೊಡ್ಡ ಹುದ್ದೆ ಕೊಟ್ಟದ್ದನ್ನು ಮಾತ್ರ ನಾನು ಒಪ್ಪಲಾರೆ. 2014ರ ಎಬೋಲಾ ಕಾಲದಲ್ಲಿ ವೆಸ್ಟ್ ಪಾಯಿಂಟ್ ಕೊಳೆಗೇರಿಗೆ ಸೈನ್ಯದಿಂದ ಬೇಲಿ ಹಾಕಿಸಿದ್ದೂ ತಪ್ಪೇ, ಅಲ್ಲಿ ಗುಂಡೇಟಿಗೆ ಒಬ್ಬ ಹುಡುಗ ಸತ್ತ. ಆದರೆ ಎರಡು ಅವಧಿ ಮುಗಿದಾಗ ಸಂವಿಧಾನ ತಿದ್ದಲು ಹೋಗದೆ, 2018ರ ಜನವರಿಯಲ್ಲಿ ಅದೇ ವೇಯಾಗೆ ಅಧಿಕಾರ ಬಿಟ್ಟುಕೊಟ್ಟರು. ಚುನಾಯಿತರಿಂದ ಚುನಾಯಿತರಿಗೆ ಶಾಂತಿಯಿಂದ ಅಧಿಕಾರ ದಾಟಿದ್ದು ಅಲ್ಲಿ 1944ರ ನಂತರ ಅದೇ ಮೊದಲು.

ಪ್ರಶ್ನೆ: ಭಾರತದ ಮಹಿಳಾ ಪೊಲೀಸರು ಇವರ ಕಾವಲಿಗಿದ್ದರು ಅಂತ ಕೇಳಿದ್ದೆ. ನಿಜವೇ?
– ಇನ್ನೊಬ್ಬ ಓದುಗರು, ಧಾರವಾಡ

ಉತ್ತರ: ನಿಜ. 2007ರ ಜನವರಿಯಲ್ಲಿ ನಮ್ಮ ಸಿಆರ್‌ಪಿಎಫ್‌ನ ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳ ತುಕಡಿ ವಿಶ್ವಸಂಸ್ಥೆಯ ಪರವಾಗಿ ಮನ್ರೋವಿಯಾಕ್ಕೆ ಹೋಯಿತು. ವಿಶ್ವಸಂಸ್ಥೆಯ ಇತಿಹಾಸದಲ್ಲೇ ಪೂರ್ತಿ ಮಹಿಳೆಯರ ಮೊದಲ ಪೊಲೀಸ್ ಪಡೆ. ಆ ದೀಪ ಹತ್ತಿದ ದಿನವೇ ಅಧ್ಯಕ್ಷರ ಭವನಕ್ಕೆ ಬೆಂಕಿ ಬಿದ್ದಿತ್ತು. ಹಾಗಾಗಿ ಎಲೆನ್ ವಿದೇಶಾಂಗ ಇಲಾಖೆಯ ಕಟ್ಟಡದಿಂದ ಕೆಲಸ ಮಾಡುತ್ತಿದ್ದರು, ಅದರ ಬಾಗಿಲಲ್ಲಿ ಬಂದೂಕು ಹಿಡಿದು ನಿಂತವರು ನಮ್ಮವರೇ. ತುಕಡಿಗಳು ಬದಲಾಗುತ್ತಾ 2016ರವರೆಗೂ ಅಲ್ಲಿದ್ದವು. ಅವರನ್ನು ನೋಡಿಯೇ ಲೈಬೀರಿಯಾದ ಹುಡುಗಿಯರು ಪೊಲೀಸ್ ಕೆಲಸಕ್ಕೆ ಬರುವುದು ಜಾಸ್ತಿಯಾಯಿತು ಅಂತ ಎಲೆನ್ ಅವರೇ ಹೇಳಿದ್ದಾರೆ.